ಊರಿನ ಮನೆಗೆ 25 ಸಾವಿರದೊಳಗೆ ಕ್ಯಾಮೆರಾ: ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ಪ್ರಶ್ನೆ: "ತಿಪಟೂರು ತಾಲ್ಲೂಕಿನ ಹಳ್ಳಿಯಲ್ಲಿ ನಮ್ಮ ಮನೆ. ಅಪ್ಪ-ಅಮ್ಮ ಇಬ್ಬರೇ ಇದ್ದಾರೆ, ನಾನು ಬೆಂಗಳೂರಿನಲ್ಲಿ. ಮನೆಯಿಂದ 20 ಅಡಿಗೆ ಗೇಟು, ಹಿಂದೆ ಹಿತ್ತಲು, ಪಕ್ಕಕ್ಕೆ ಕೊಬ್ಬರಿ ಅಟ್ಟ, 40 ಮೀಟರ್ ಆಚೆ ಕೊಟ್ಟಿಗೆ. ಇನ್‌ಸ್ಟಾಲರ್ ಒಬ್ಬರು 8 ಮೆಗಾಪಿಕ್ಸೆಲ್‌ನ ನಾಲ್ಕು ಕ್ಯಾಮೆರಾಗೆ 48 ಸಾವಿರ ಕೇಳಿದ್ದಾರೆ. ಗೆಳೆಯನೊಬ್ಬ ನಾಲ್ಕು ವೈಫೈ ಕ್ಯಾಮೆರಾ ತಂದು ನಾವೇ ಹಾಕೋಣ, ಹತ್ತು ಸಾವಿರದಲ್ಲಿ ಮುಗಿಯುತ್ತೆ ಅನ್ನುತ್ತಾನೆ. ನನ್ನ ಹತ್ತಿರ ಇರುವುದು 25 ಸಾವಿರ. ಇನ್ವರ್ಟರ್ ಇದೆ, ಆದರೆ ಕರೆಂಟ್ ಆಗಾಗ ಹೋಗುತ್ತದೆ. ಫೈಬರ್ ಇಂಟರ್‌ನೆಟ್ ಇದೆ. ನೆಟ್ ಹೋದರೆ ರೆಕಾರ್ಡಿಂಗ್ ನಿಂತುಹೋಗುತ್ತದೆಯೇ? ವೈಫೈ ಕ್ಯಾಮೆರಾದ ದೃಶ್ಯ ಬೇರೆಯವರೂ ನೋಡಬಹುದು ಅಂತಾರೆ, ನಿಜವೇ? ತಮ್ಮ ಅಂಗಳ ಕಾಣಬಾರದು ಎಂದು ಪಕ್ಕದ ಮನೆಯವರು ಈಗಲೇ ಹೇಳಿದ್ದಾರೆ. ರಾತ್ರಿ ಬಂದವರ ಮುಖ ಗುರುತು ಸಿಗಬೇಕು, ಅಷ್ಟೇ."

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡೋಣ. ರಾತ್ರಿ ಮುಖ ಗುರುತು ಸಿಗುವುದು ಕ್ಯಾಮೆರಾ ಮಾಡುವ ಕೆಲಸಗಳಲ್ಲೇ ಕಷ್ಟದ್ದು. "ಯಾರೋ ಬಂದರು" ಎಂದು ತೋರಿಸುವುದು ಒಂದು ಕೆಲಸ, "ಬಂದವರು ಯಾರು" ಎಂದು ತೋರಿಸುವುದು ಬೇರೆಯೇ ಕೆಲಸ. ಮೊದಲನೆಯದನ್ನು ಯಾವ ಅಗ್ಗದ ಕ್ಯಾಮೆರಾವಾದರೂ ಮಾಡುತ್ತದೆ. ಎರಡನೆಯದಕ್ಕೆ ದೂರ, ಎತ್ತರ, ಬೆಳಕು ಮೂರೂ ಕೂಡಿಬರಬೇಕು. ನಾಲ್ಕೂ ಕಡೆ ಮುಖವೇ ಕಾಣಬೇಕು ಎಂದು ಹೊರಟರೆ 48 ಸಾವಿರವೂ ಸಾಲದೆ ಹೋಗಬಹುದು. ಗೇಟು ಮತ್ತು ಅಟ್ಟದ ಏಣಿ, ಈ ಎರಡು ಕಡೆ ಮುಖ ಸಿಕ್ಕಿ, ಹಿತ್ತಲು ಮತ್ತು ಕೊಟ್ಟಿಗೆ ಕಡೆ ಓಡಾಟ ಕಂಡರೆ ಸಾಕು ಎಂದುಕೊಂಡರೆ ನಿಮ್ಮ 25 ಸಾವಿರದಲ್ಲೇ ಆಗುತ್ತದೆ.

ಮೆಗಾಪಿಕ್ಸೆಲ್ ಹೆಚ್ಚಿದರೆ ಮುಖ ಕಂಡೀತೇ?

ಹಗಲಲ್ಲಿ, ಸ್ವಲ್ಪ ಮಟ್ಟಿಗೆ. ಅಪರಿಚಿತನ ಮುಖ ಗುರುತು ಹಿಡಿಯಲು ಅವನು ನಿಂತ ಜಾಗದಲ್ಲಿ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು ಎಂಬುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಅಳತೆ. ಮೊದಲೇ ಕಂಡು ಗೊತ್ತಿರುವವನಾದರೆ 125 ಸಾಕು. 2 ಮೆಗಾಪಿಕ್ಸೆಲ್ ಚಿತ್ರದ ಅಗಲ 1920 ಪಿಕ್ಸೆಲ್. ಅಂಗಡಿಯವರು ಕೇಳದೆಯೇ ಕೊಡುವ 2.8 ಎಂಎಂ ಲೆನ್ಸ್ ಸುಮಾರು 100 ಡಿಗ್ರಿ ಅಗಲ ನೋಡುತ್ತದೆ. ಮೂರು ಮೀಟರ್ ದೂರದಲ್ಲಿ ಅದರ ಕಣ್ಣಿಗೆ ಬೀಳುವುದು ಏಳು ಮೀಟರ್ ಅಗಲ, ಅಂದರೆ ಮೀಟರಿಗೆ 270 ಪಿಕ್ಸೆಲ್‌ನಷ್ಟು. ಮುಖ ಸಿಗುತ್ತದೆ. ಆರು ಮೀಟರಿಗೆ ಹೋದರೆ 135ಕ್ಕೆ ಇಳಿಯುತ್ತದೆ, ನಿಮ್ಮೂರಿನವನಾದರೆ ಮಾತ್ರ ಗುರುತು ಸಿಕ್ಕೀತು. ಹತ್ತು ಮೀಟರಿಗೆ 80. ಮನುಷ್ಯ ಎಂದು ಗೊತ್ತಾಗುತ್ತದೆ, ಅದಕ್ಕಿಂತ ಹೆಚ್ಚು ಇಲ್ಲ.

ಅದೇ ಲೆನ್ಸಿನಲ್ಲಿ 8 ಮೆಗಾಪಿಕ್ಸೆಲ್ ತಂದರೆ ಪಿಕ್ಸೆಲ್ ನಾಲ್ಕು ಪಟ್ಟಾಗುತ್ತದೆ, ಆದರೆ ಮುಖ ಸಿಗುವ ದೂರ ಎರಡೇ ಪಟ್ಟಾಗುತ್ತದೆ: ಮೂರು ಮೀಟರ್ ಇದ್ದದ್ದು ಆರು. ನಿಮ್ಮ ಗೇಟು ಇರುವುದು ಆ ಆರು ಮೀಟರಿನಲ್ಲೇ. ಇನ್‌ಸ್ಟಾಲರ್ 8 ಮೆಗಾಪಿಕ್ಸೆಲ್ ಹೇಳಿದ್ದಕ್ಕೆ ಅದೂ ಕಾರಣವಿರಬಹುದು. ಆದರೆ ಅದೇ ಕೆಲಸವನ್ನು 6 ಎಂಎಂ ಲೆನ್ಸಿನ 2 ಮೆಗಾಪಿಕ್ಸೆಲ್ ಕ್ಯಾಮೆರಾ ಮಾಡುತ್ತದೆ. ಅದು ನೋಡುವ ಕೋನ ಸುಮಾರು 50 ಡಿಗ್ರಿಗೆ ಕಿರಿದಾಗುವುದರಿಂದ ಏಳು ಮೀಟರಿನವರೆಗೂ 250 ಪಿಕ್ಸೆಲ್ ಉಳಿಯುತ್ತದೆ. ಅಕ್ಕಪಕ್ಕದ ಅಂಗಳ ಅದಕ್ಕೆ ಕಾಣುವುದಿಲ್ಲ, ಗೇಟು ಮಾತ್ರ ಕಾಣುತ್ತದೆ. ನಿಮಗೆ ಬೇಕಾದದ್ದೂ ಅಷ್ಟೇ. ಅಂಗಡಿಯಲ್ಲಿ "6 ಎಂಎಂ ಬುಲೆಟ್" (ಬುಲೆಟ್ ಅಂದರೆ ಕೊಳವೆಯಾಕಾರದ ಕ್ಯಾಮೆರಾ) ಎಂದು ಬಾಯಿಬಿಟ್ಟು ಕೇಳಿ. ಇಲ್ಲ ಎಂದರೆ ಎರಡು ದಿನ ಬಿಟ್ಟು ತರಿಸಲಿ, 2.8 ಹಾಕಿ ಹೋಗಲು ಬಿಡಬೇಡಿ.

ರಾತ್ರಿಯ ಲೆಕ್ಕ ಬೇರೆ. ಸೆನ್ಸರ್ ಅಷ್ಟೇ ದೊಡ್ಡದಿದ್ದು ಅದನ್ನು ನಾಲ್ಕು ಪಟ್ಟು ಪಿಕ್ಸೆಲ್‌ಗೆ ಹಂಚಿದರೆ ಒಂದೊಂದಕ್ಕೂ ಬೀಳುವ ಬೆಳಕು ಕಡಿಮೆಯಾಗುತ್ತದೆ. ಅದನ್ನು ತುಂಬಿಕೊಳ್ಳಲು ಕ್ಯಾಮೆರಾ ತನ್ನ ಶಟರ್ ವೇಗ ಇಳಿಸುತ್ತದೆ, ಅಂದರೆ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಬೆಳಕು ಹಿಡಿಯುತ್ತದೆ. ಗೇಟು ಅಚ್ಚುಕಟ್ಟಾಗಿ ಕಾಣುತ್ತದೆ, ನಡೆದು ಬಂದವನ ಮುಖ ಮಾತ್ರ ನೀರಿನಲ್ಲಿ ಕಲಸಿದ ಹಾಗಿರುತ್ತದೆ. ಹೀಗಾಗಿ ಅಗ್ಗದ 8 ಮೆಗಾಪಿಕ್ಸೆಲ್ ಕ್ಯಾಮೆರಾ ಕತ್ತಲಲ್ಲಿ ಒಳ್ಳೆಯ 2 ಮೆಗಾಪಿಕ್ಸೆಲ್‌ಗಿಂತ ಕೆಟ್ಟದಾಗಿ ಕಾಣುವುದುಂಟು. ಕತ್ತಲಲ್ಲಿ ನೋಡಲು ಕ್ಯಾಮೆರಾ ತಾನೇ ಬೀರುವ ಐಆರ್ (ಇನ್‌ಫ್ರಾರೆಡ್) ಬೆಳಕಿಗೆ ಇನ್ನೊಂದು ಗುಣವಿದೆ: ಬಣ್ಣ ಸಿಗುವುದಿಲ್ಲ, ಕೆಲವು ಕಪ್ಪು ಬಟ್ಟೆಗಳು ಅದರಡಿ ಬೂದು, ಬಿಳಿಯಂತೆ ಕಾಣುತ್ತವೆ. "ಬಿಳಿ ಅಂಗಿ ಹಾಕಿದ್ದ" ಎಂದು ದೂರಿನಲ್ಲಿ ಬರೆಸಿದರೆ ತನಿಖೆ ದಾರಿ ತಪ್ಪುತ್ತದೆ.

ಇದಕ್ಕೆ ಮದ್ದು ಅಗ್ಗದ್ದು. ಗೇಟಿನ ಬಳಿ 9 ವಾಟ್‌ನ ಒಂದು ಎಲ್‌ಇಡಿ ಬಲ್ಬ್, ಕತ್ತಲಾದಾಗ ತಾನೇ ಹತ್ತುವ ಸೆನ್ಸರ್ ಜೊತೆಗೆ. ಬಲ್ಬು ಕ್ಯಾಮೆರಾದಿಂದ ಕನಿಷ್ಠ ನಾಲ್ಕೈದು ಅಡಿಯಾದರೂ ದೂರವಿರಲಿ. ಹುಳುಗಳೆಲ್ಲ ಬಲ್ಬಿನ ಸುತ್ತ ಸೇರುತ್ತವೆ, ಲೆನ್ಸಿನ ಮುಂದೆ ಕಡಿಮೆಯಾಗುತ್ತವೆ. ಹುಳು ಬಂದ ಕಡೆ ಜೇಡ ಬಂದೇ ಬರುತ್ತದೆ. ಲೆನ್ಸಿನ ಮೇಲೆ ಒಂದೇ ಒಂದು ಎಳೆ ಬಲೆ ಇದ್ದರೂ ಐಆರ್ ಬೆಳಕು ಅದಕ್ಕೆ ಬಡಿದು ಹಿಂದಿರುಗಿ, ಚಿತ್ರದ ಅರ್ಧ ಬೆಳ್ಳಗಾಗುತ್ತದೆ. ಗಾಳಿಗೆ ಆ ಎಳೆ ಅಲ್ಲಾಡಿದಾಗಲೆಲ್ಲ ಮೊಬೈಲಿಗೆ "ಚಲನೆ ಕಂಡಿದೆ" ಎಂಬ ಸಂದೇಶ. ನಾಲ್ಕು ದಿನ ನೋಡಿ ಐದನೇ ದಿನ ಎಲ್ಲರೂ ಸಂದೇಶ ಬಂದ್ ಮಾಡಿಬಿಡುತ್ತಾರೆ. ಹದಿನೈದು ದಿನಕ್ಕೊಮ್ಮೆ ಕೋಲಿಗೆ ಮೆತ್ತನೆಯ ಬಟ್ಟೆ ಕಟ್ಟಿ ಒರೆಸಿದರೆ ಈ ಕಾಟವಿಲ್ಲ. ಸಂದೇಶವನ್ನೂ ಎಲ್ಲ ಚಲನೆಗೆ ಇಡಬೇಡಿ, "ಮನುಷ್ಯ ಕಂಡರೆ ಮಾತ್ರ" ಎಂಬ ಆಯ್ಕೆ ಇರುವ ಡಿವಿಆರ್ (ವೈರ್ ಕ್ಯಾಮೆರಾಗಳ ದೃಶ್ಯವನ್ನು ರೆಕಾರ್ಡ್ ಮಾಡಿಡುವ ಪೆಟ್ಟಿಗೆ) ಕೊಂಡು ಅದನ್ನು ಆನ್ ಮಾಡಿ. ತೆಂಗಿನ ಗರಿ ಅಲ್ಲಾಡುವ ಊರಿನಲ್ಲಿ ಇದು ಬೇಕೇ ಬೇಕು.

ಎತ್ತರದ ವಿಷಯ: ಎಂಟರಿಂದ ಒಂಬತ್ತು ಅಡಿ. ಕೈಗೆ ಸಿಗಬಾರದು ಎಂದು ಹನ್ನೆರಡು-ಹದಿನಾಲ್ಕು ಅಡಿಗೆ ಏರಿಸಿದರೆ ನಿಮಗೆ ಸಿಗುವುದು ನೆತ್ತಿ, ಟೋಪಿ, ಹೆಲ್ಮೆಟ್ಟು.

ವೈಫೈ ಬೇಕೋ ವೈರ್ ಬೇಕೋ

ಮನೆಗೆ ಅಂಟಿದ ಮೂರು ಜಾಗಕ್ಕೆ ವೈರ್, ಕೊಟ್ಟಿಗೆಗೆ ವೈಫೈ. ನಿಮ್ಮ ಇನ್‌ಸ್ಟಾಲರ್ ಹೇಳಿದ್ದರಲ್ಲೂ ಗೆಳೆಯ ಹೇಳಿದ್ದರಲ್ಲೂ ಅರ್ಧರ್ಧ ಸರಿಯಿದೆ.

ವೈಫೈ ಕ್ಯಾಮೆರಾಗೆ ವೈರ್ ಬೇಡ ಎಂಬ ಮಾತು ಪೂರ್ತಿ ನಿಜವಲ್ಲ. ಕರೆಂಟಿನ ವೈರ್ ಬೇಕೇ ಬೇಕು. ಅದಕ್ಕೆ ಎಳೆಯುವ ಕೂಲಿ ಹೇಗೂ ತಪ್ಪದಿದ್ದಾಗ, ಜೊತೆಗೆ ವಿಡಿಯೋ ವೈರನ್ನೂ ಎಳೆದರೆ ಭಾರೀ ಹೆಚ್ಚೇನೂ ಆಗುವುದಿಲ್ಲ. ಹಳೆಯ ಮನೆಯ ದಪ್ಪ ಮಣ್ಣಿನ ಗೋಡೆ ಎರಡು ದಾಟುವಷ್ಟರಲ್ಲಿ ವೈಫೈ ಸಿಗ್ನಲ್ ಸೊರಗುತ್ತದೆ. ನಾಲ್ಕು ಕ್ಯಾಮೆರಾ ಒಂದೇ ರೌಟರ್ ಮೇಲೆ ಹಗಲೂ ರಾತ್ರಿ ಕೂತರೆ, ನಿಮ್ಮ ತಾಯಿಯವರ ವಿಡಿಯೋ ಕಾಲ್ ತಡವರಿಸತೊಡಗುತ್ತದೆ. ರೆಕಾರ್ಡಿಂಗ್ ಆಗುವುದು ಕ್ಯಾಮೆರಾದೊಳಗಿನ ಎಸ್‌ಡಿ ಕಾರ್ಡಿನಲ್ಲಿ. ಕ್ಯಾಮೆರಾ ಕಿತ್ತುಕೊಂಡು ಹೋದರೆ ಸಾಕ್ಷಿಯೂ ಹೋಯಿತು.

ಇನ್ನು ಕೊಟ್ಟಿಗೆ. ಅಲ್ಲಿಗೆ 40 ಮೀಟರ್ ತಾಮ್ರದ ಕೇಬಲ್ ಎಳೆಯಬೇಡಿ ಎನ್ನಲು ಎರಡು ಕಾರಣ. ಒಂದು, ಸಿಡಿಲು. ಮುಂಗಾರಿಗೆ ಮುಂಚಿನ ಗುಡುಗಿನ ಮಳೆಯಲ್ಲಿ ಹತ್ತಿರದ ತೆಂಗಿನ ಮರಕ್ಕೆ ಬಡಿದರೂ ಸಾಕು, ಎರಡು ಕಟ್ಟಡದ ನಡುವಿನ ಉದ್ದನೆಯ ಕೇಬಲ್‌ನಲ್ಲಿ ನುಗ್ಗುವ ವೋಲ್ಟೇಜ್ ಡಿವಿಆರ್ ಸುಟ್ಟು, ಅದಕ್ಕೆ ಸೇರಿಸಿದ ರೌಟರ್, ಟಿವಿಯವರೆಗೂ ಹೋಗಬಹುದು.

ಎರಡನೆಯದು, ದೂರದ ಕ್ಯಾಮೆರಾಗಳ ದೂರುಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ದೋಷ: "ಹಗಲೆಲ್ಲ ಚೆನ್ನಾಗಿರುತ್ತೆ, ರಾತ್ರಿ ಆಗ್ತಿದ್ದ ಹಾಗೆ ಕ್ಯಾಮೆರಾ ಹೋಗಿ ಹೋಗಿ ಬರುತ್ತೆ." ಕ್ಯಾಮೆರಾ ಬದಲಿಸುತ್ತಾರೆ, ಹೊಸದೂ ಹಾಗೆಯೇ ಮಾಡುತ್ತದೆ. ತಪ್ಪಿರುವುದು ವೈರಿನಲ್ಲಿ. ಲೆಕ್ಕ ಹಾಕಿ ನೋಡಿ: ವಿಡಿಯೋ ವೈರ್, ಪವರ್ ವೈರ್ ಒಟ್ಟಿಗಿರುವ 3+1 ಕೇಬಲ್‌ನಲ್ಲಿ ಪವರ್ ವೈರ್ 0.2 ಚದರ ಮಿಲಿಮೀಟರ್‌ನ ಶುದ್ಧ ತಾಮ್ರದ್ದೇ ಎಂದಿಟ್ಟುಕೊಂಡರೂ, 40 ಮೀಟರ್ ಹೋಗಿ ಬರುವ ದಾರಿಯ ರೆಸಿಸ್ಟೆನ್ಸ್ ಸುಮಾರು 7 ಓಮ್. ಹಗಲಲ್ಲಿ ಕ್ಯಾಮೆರಾ ಎಳೆಯುವ ಕರೆಂಟು ಕಡಿಮೆ, ತಾಳಿಕೊಳ್ಳುತ್ತದೆ. ರಾತ್ರಿ ಐಆರ್ ಹತ್ತಿದಾಗ 0.4 ಆಂಪಿಯರ್ ಎಳೆದರೆ 2.8 ವೋಲ್ಟ್ ದಾರಿಯಲ್ಲೇ ಕರಗಿ, 12 ವೋಲ್ಟ್ ಇದ್ದದ್ದು 9.2 ಆಗುತ್ತದೆ. ಕ್ಯಾಮೆರಾ ಆಫ್. ಆಫ್ ಆದ ಕೂಡಲೇ ವೋಲ್ಟೇಜ್ ಏರುತ್ತದೆ, ಮತ್ತೆ ಆನ್, ಐಆರ್ ಹತ್ತುತ್ತದೆ, ಮತ್ತೆ ಆಫ್. ಅಗ್ಗದ ಕೇಬಲ್‌ಗಳಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಮಾತ್ರ ಇರುತ್ತದೆ, ಅಲ್ಲಿ ಇದು ಇನ್ನೂ ಬೇಗ. ಕೊಳ್ಳುವಾಗ ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಬೇಡ ಎನ್ನಿ.

ಆದ್ದರಿಂದ ಕೊಟ್ಟಿಗೆಗೆ ಹೊರಾಂಗಣದ ವೈಫೈ ಕ್ಯಾಮೆರಾ, ಅದಕ್ಕೆ ಅಲ್ಲಿಯದೇ ಕರೆಂಟು. ನಡುವೆ ವಿಡಿಯೋ ಕೇಬಲ್ ಇಲ್ಲ. ರೌಟರನ್ನು ಕೊಟ್ಟಿಗೆ ಕಾಣುವ ಕಿಟಕಿಯ ಹತ್ತಿರಕ್ಕೆ ತನ್ನಿ, 2.4 ಗಿಗಾಹರ್ಟ್ಸ್ ಬ್ಯಾಂಡ್ ಬಳಸಿ; 5 ಗಿಗಾಹರ್ಟ್ಸ್ ಅಷ್ಟು ದೂರ ನಿಲ್ಲುವುದಿಲ್ಲ. ಕ್ಯಾಮೆರಾ ಕೊಳ್ಳುವ ಮುಂಚೆ ಮೊಬೈಲ್ ಹಿಡಿದು ಕೊಟ್ಟಿಗೆಯ ಕಂಬದ ಹತ್ತಿರ ನಿಂತು ಮನೆಯ ವೈಫೈನಲ್ಲೇ ಒಂದು ವಿಡಿಯೋ ಕಾಲ್ ಮಾಡಿ. ಕಡಿಯದೆ ಹೋದರೆ ಕ್ಯಾಮೆರಾವೂ ನಡೆಯುತ್ತದೆ. ಕಡಿದರೆ ಮನೆಯ ಹೊರಗೋಡೆಗೆ ಒಂದು ಔಟ್‌ಡೋರ್ ಆಕ್ಸೆಸ್ ಪಾಯಿಂಟ್ (ಹೊರಗೆ ವೈಫೈ ಹರಡುವ ಪೆಟ್ಟಿಗೆ) ಸೇರಿಸಬೇಕಾಗುತ್ತದೆ, ಖರ್ಚು ಸ್ವಲ್ಪ ಏರುತ್ತದೆ. ಕಾರ್ಡ್ ಮಾತ್ರ "ಹೈ ಎಂಡ್ಯೂರೆನ್ಸ್" ಎಂದು ಬರೆದಿರುವುದೇ ಆಗಲಿ. ಮೊಬೈಲಿನ ಸಾಮಾನ್ಯ ಕಾರ್ಡು ಹಗಲಿರುಳು ಬರೆದು ಅಳಿಸುವ ಕೆಲಸಕ್ಕೆ ಬಾಳಿಕೆ ಬರುವುದಿಲ್ಲ, ಕೆಟ್ಟದ್ದು ಗೊತ್ತಾಗುವುದೂ ಬೇಕಾದ ದಿನವೇ. 128 ಜಿಬಿ ಕಾರ್ಡಿನಲ್ಲಿ 1 ಎಂಬಿಪಿಎಸ್ (ಸೆಕೆಂಡಿಗೆ ಒಂದು ಮೆಗಾಬಿಟ್) ದರಕ್ಕೆ ಹನ್ನೊಂದು ದಿನದಷ್ಟು ಉಳಿಯುತ್ತದೆ.

ಕಳ್ಳ ಅಟ್ಟಕ್ಕೆ ಹತ್ತಲೇಬೇಕಾದ ಜಾಗ ಏಣಿ. ಹೀಗಾಗಿ ಅಟ್ಟದೊಳಗೆ ಕ್ಯಾಮೆರಾ ಬೇಡ. ಅಲ್ಲಿ ಧೂಳು, ಕತ್ತಲೆ. ಉಂಡೆ ಕೊಬ್ಬರಿಗೆಂದು ಕಾಯಿ ತಿಂಗಳುಗಟ್ಟಲೆ ಬಿದ್ದಿರುವ ಜಾಗವಾದ್ದರಿಂದ ಇಲಿಯೂ ಇರುತ್ತದೆ. ಏಣಿಯ ಬುಡ ಎರಡೂವರೆ-ಮೂರು ಮೀಟರಿನಲ್ಲಿ ಎದುರಿಗೆ ಕಾಣುವಂತೆ ಹೊರಗೋಡೆಗೆ 2.8 ಎಂಎಂ ಕ್ಯಾಮೆರಾ ಹಾಕಿ. ಆ ಕಡೆ ಹೋಗುವ ಕೇಬಲ್ ಪೂರ್ತಿ ಪಿವಿಸಿ ಪೈಪಿನೊಳಗೆ ಇರಲಿ, ಇಲ್ಲದಿದ್ದರೆ ಇಲಿ ಬಿಡುವುದಿಲ್ಲ. ಹಿತ್ತಲಿಗೆ ಇನ್ನೊಂದು 2.8 ಎಂಎಂ ಸಾಕು.

ಕ್ಯಾಮೆರಾ ಹಿಂದಿನ ಬಿಎನ್‌ಸಿ (ವಿಡಿಯೋ) ಮತ್ತು ಡಿಸಿ (ಪವರ್) ಪಿನ್ ಎರಡೂ ಪ್ಲಾಸ್ಟಿಕ್ ಬಾಕ್ಸಿನೊಳಗೆ ಕೂರಬೇಕು. ಹೊರಗೆ ನೇತಾಡಲು ಬಿಟ್ಟರೆ ಒಂದೇ ಮಳೆಗಾಲಕ್ಕೆ ಹಸಿರು ಕಿಲುಬು ಹಿಡಿದು ಚಿತ್ರದಲ್ಲಿ ಗೆರೆ ಶುರುವಾಗುತ್ತದೆ. ಕೇಬಲ್ ಬಾಕ್ಸಿನೊಳಗೆ ಹೋಗುವ ಮುನ್ನ ಒಮ್ಮೆ ಕೆಳಗೆ ಬಾಗಿ ಮೇಲೇಳುವಂತೆ ಬಿಡಿಸಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗಲಿ.

ಖರ್ಚಿನ ಪಟ್ಟಿ

ದರ ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಅದರಲ್ಲೂ ಹಾರ್ಡ್ ಡಿಸ್ಕಿನದು. ಅಂದಾಜಿಗೆ: ಎಚ್.265 (ವಿಡಿಯೋವನ್ನು ಕಡಿಮೆ ಜಾಗದಲ್ಲಿ ಹಿಡಿಸುವ ವಿಧಾನ) ಇರುವ ನಾಲ್ಕು ಚಾನೆಲ್ ಡಿವಿಆರ್ 4,000, 2 ಮೆಗಾಪಿಕ್ಸೆಲ್ ಬುಲೆಟ್ ಕ್ಯಾಮೆರಾ ಮೂರಕ್ಕೆ 5,500, 1 ಟಿಬಿ ಹಾರ್ಡ್ ಡಿಸ್ಕ್ 5,500, ಕೇಬಲ್, 12 ವೋಲ್ಟ್ 5 ಆಂಪಿಯರ್ ಎಸ್‌ಎಂಪಿಎಸ್ (ಕ್ಯಾಮೆರಾಗಳಿಗೆ ಕರೆಂಟು ಕೊಡುವ ಪೆಟ್ಟಿಗೆ), ಬಾಕ್ಸ್, ಪಿನ್ನು, ಪೈಪು ಸೇರಿ 3,000, ಕೂಲಿ 2,500, ಕೊಟ್ಟಿಗೆಯ ಕ್ಯಾಮೆರಾ ಮತ್ತು ಕಾರ್ಡ್ 4,200. ಒಟ್ಟು 24,700. ಗೇಟಿನ ಬಲ್ಬಿಗೆ ಉಳಿದ ಮುನ್ನೂರು.

ಹಾರ್ಡ್ ಡಿಸ್ಕ್ ಕಣ್ಗಾವಲಿಗೆಂದೇ ಮಾಡಿದ್ದಾಗಿರಲಿ, ಡಬ್ಲ್ಯೂಡಿ ಪರ್ಪಲ್ ಅಥವಾ ಸೀಗೇಟ್ ಸ್ಕೈಹಾಕ್ ಬಗೆಯದ್ದು. ಹಳೆಯ ಡಿಸ್ಕನ್ನು ಒರೆಸಿ ಹೊಸದೆಂದು ಮಾರುವುದು ಮಾರುಕಟ್ಟೆಯಲ್ಲಿ ಇದೆ. ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನ ವಾರಂಟಿ ಪುಟದಲ್ಲಿ ಹಾಕಿ ನೋಡಿ. ಡಿವಿಆರ್‌ಗೆ ಹಾಕಿದ ಮೇಲೆ ಹಾರ್ಡ್ ಡಿಸ್ಕಿನ "ಸ್ಮಾರ್ಟ್" ಮಾಹಿತಿಯಲ್ಲಿ ಅದು ಎಷ್ಟು ಗಂಟೆ ಓಡಿದೆ ಎಂದು ಕಾಣುತ್ತದೆ. ಹೊಸದಾದರೆ ಒಂದಂಕಿಯಲ್ಲಿರಬೇಕು.

ಎಷ್ಟು ದಿನ ಉಳಿಯುತ್ತದೆ ಎಂಬುದಕ್ಕೆ ಸುಲಭ ಸೂತ್ರ: 1 ಎಂಬಿಪಿಎಸ್‌ಗೆ ದಿನಕ್ಕೆ 10.8 ಜಿಬಿ. ಮೂರು ಕ್ಯಾಮೆರಾ ತಲಾ 1.5 ಎಂಬಿಪಿಎಸ್‌ನಂತೆ ದಿನಕ್ಕೆ 49 ಜಿಬಿ, 1 ಟಿಬಿಯಲ್ಲಿ 20 ದಿನ. ಸೆಕೆಂಡಿಗೆ 25 ಫ್ರೇಮ್ ಬೇಕಿಲ್ಲ, 15 ಸಾಕು.

ಕರೆಂಟು ಮತ್ತು ನೆಟ್

ನೆಟ್ ಹೋದರೆ ರೆಕಾರ್ಡಿಂಗ್ ನಿಲ್ಲುವುದಿಲ್ಲ. ಡಿವಿಆರ್ ತನ್ನ ಡಿಸ್ಕಿಗೆ, ವೈಫೈ ಕ್ಯಾಮೆರಾ ತನ್ನ ಕಾರ್ಡಿಗೆ ಬರೆಯುತ್ತಲೇ ಇರುತ್ತವೆ. ನಿಮಗೆ ಬೆಂಗಳೂರಿನಲ್ಲಿ ಕಾಣುವುದಿಲ್ಲ ಅಷ್ಟೇ. ಕಾರ್ಡೇ ಹಾಕದೆ ಕ್ಲೌಡ್ ಮಾತ್ರ ನಂಬಿದರೆ ಆಗ ನಿಲ್ಲುತ್ತದೆ.

ಕರೆಂಟಿನ ವಿಷಯ ಇದಕ್ಕಿಂತ ಮುಖ್ಯ. ಮೂರು ಕ್ಯಾಮೆರಾ, ಡಿವಿಆರ್, ರೌಟರ್ ಎಲ್ಲ ಸೇರಿ 40 ವಾಟ್ ಆಸುಪಾಸು. ನಿಮ್ಮ ಇನ್ವರ್ಟರಿಗೆ ಇದು ಹೊರೆಯಲ್ಲ, ಒಂದು ಸೀಲಿಂಗ್ ಫ್ಯಾನಿಗಿಂತ ಕಡಿಮೆ. ಆದರೆ ಡಿವಿಆರ್, ಎಸ್‌ಎಂಪಿಎಸ್, ರೌಟರ್ ಮೂರನ್ನೂ ಇನ್ವರ್ಟರ್ ಲೈನಿನ ಸಾಕೆಟ್ಟಿಗೇ ಹಾಕಿದ್ದಾರೆಯೇ ಎಂದು ಮೇನ್ ಸ್ವಿಚ್ ಆರಿಸಿ ಪರೀಕ್ಷಿಸಿ. ಕರೆಂಟ್ ಹೋದ ಕ್ಷಣಕ್ಕೆ ಡಿವಿಆರ್ ರೀಸ್ಟಾರ್ಟ್ ಆದರೆ ಇನ್ವರ್ಟರಿನ ಸ್ವಿಚ್ ನೋಡಿ, "ಯುಪಿಎಸ್" ಮತ್ತು "ಎಕೋ" ಎಂದು ಎರಡು ಗುರುತಿರುತ್ತವೆ. ಯುಪಿಎಸ್ ಕಡೆಗಿದ್ದರೆ ಬದಲಾವಣೆ ಬೇಗ, ಡಿವಿಆರ್ ಆರುವುದಿಲ್ಲ. ಇದರ ತೊಂದರೆಯೂ ತಿಳಿದಿರಲಿ: ಆ ಸ್ಥಿತಿಯಲ್ಲಿ ಸಾಮಾನ್ಯವಾಗಿ 180 ವೋಲ್ಟ್‌ಗಿಂತ ಕೆಳಗೆ ಬಂದರೆ ಇನ್ವರ್ಟರ್ ಬ್ಯಾಟರಿಗೆ ಹೋಗುತ್ತದೆ. ಸಂಜೆ ಹೊತ್ತು ವೋಲ್ಟೇಜ್ ಇಳಿಯುವ ಊರಾದರೆ ಬ್ಯಾಟರಿ ಸುಮ್ಮನೆ ಖಾಲಿಯಾಗುತ್ತಿರುತ್ತದೆ. ಹಾಗಿದ್ದರೆ ಎಕೋದಲ್ಲೇ ಬಿಟ್ಟು, ಡಿವಿಆರ್ ಮತ್ತು ರೌಟರ್‌ಗೆ ಬೇರೆ ಬೇರೆ 12 ವೋಲ್ಟ್ ಮಿನಿ ಯುಪಿಎಸ್ ಹಾಕುವುದು ಮೇಲು. ಡಿವಿಆರ್‌ನ ಅಡಾಪ್ಟರ್ ಎಷ್ಟು ಆಂಪಿಯರಿನದೋ ಅಷ್ಟನ್ನು ಕೊಡುವ ಯುಪಿಎಸ್ ಆಗಿರಬೇಕು. ಕೊಟ್ಟಿಗೆಯ ಕ್ಯಾಮೆರಾ ಕರೆಂಟ್ ಇಲ್ಲದಾಗ ಆರುತ್ತದೆ. ಅದು ಬೇಡವೆಂದರೆ ಅಲ್ಲಿಗೂ ಅಂಥದ್ದೇ ಒಂದು.

ಬೇರೆಯವರು ನೋಡಬಹುದೇ?

ನೋಡಬಹುದು, ನಾವೇ ಬಾಗಿಲು ತೆರೆದಿಟ್ಟರೆ. 2016ರಲ್ಲಿ ಮಿರಾಯ್ ಎಂಬ ದುರುದ್ದೇಶದ ತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಉಪಕರಣಗಳೊಳಗೆ ಹೊಕ್ಕಿತು, ಅವುಗಳಲ್ಲಿ ಕ್ಯಾಮೆರಾ, ಡಿವಿಆರ್‌ಗಳು ಬಹಳ. ಅದು ಯಾವ ಜಾಣತನವನ್ನೂ ಮಾಡಲಿಲ್ಲ. ಕಾರ್ಖಾನೆಯಿಂದ ಬಂದ "ಅಡ್ಮಿನ್" ಥರದ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡಿತು. ಭಾರತದಲ್ಲಿ 2025ರ ಏಪ್ರಿಲ್ 9ರಿಂದ ಮಾರಾಟವಾಗುವ ಸಿಸಿಟಿವಿ ಕ್ಯಾಮೆರಾಗಳು ಭದ್ರತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು ಎಂಬ ನಿಯಮ ಬಂದಿದೆ. ಡಬ್ಬಿಯ ಮೇಲೆ ಬಿಐಎಸ್ ಗುರುತು, "ಆರ್" ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ನೋಡಿ. ಹೆಸರೇ ಇಲ್ಲದ ಎಂಟುನೂರು ರೂಪಾಯಿಯ ಆನ್‌ಲೈನ್ ಕ್ಯಾಮೆರಾ ಮನೆಗೆ ಬೇಡ. "ಪೋರ್ಟ್ ಫಾರ್ವರ್ಡ್ ಮಾಡಿಕೊಡ್ತೀನಿ" (ಹೊರಗಿನ ನೆಟ್‌ನಿಂದ ಡಿವಿಆರ್‌ಗೆ ನೇರ ದಾರಿ ತೆರೆಯುತ್ತೇನೆ) ಎಂದರೂ ಬೇಡ. ಕಂಪನಿಯ ಆ್ಯಪ್ ಮೂಲಕವೇ ನೋಡಿ, ಫರ್ಮ್‌ವೇರ್ (ಯಂತ್ರದೊಳಗಿನ ತಂತ್ರಾಂಶ) ಅಪ್‌ಡೇಟ್ ಬಂದಾಗ ಹಾಕಿ.

ಇದಕ್ಕಿಂತ ಹತ್ತಿರದ ಅಪಾಯ ಒಂದಿದೆ, ಅದನ್ನು ಯಾರೂ ಹೇಳುವುದಿಲ್ಲ. ಕೆಲಸ ಬೇಗ ಮುಗಿಸಲು ಇನ್‌ಸ್ಟಾಲರ್ ತನ್ನ ಮೊಬೈಲಿನಲ್ಲಿ, ತನ್ನ ಖಾತೆಗೆ ಡಿವಿಆರ್ ಸೇರಿಸಿ, ಅಲ್ಲಿಂದ ನಿಮಗೆ ಹಂಚುತ್ತಾನೆ. ಆಗ ಯಂತ್ರ ನಿಮ್ಮದು, ಖಾತೆ ಅವನದು. ಅವನ ಮನಸ್ಸಿನಲ್ಲಿ ಕೆಟ್ಟದ್ದಿಲ್ಲದಿರಬಹುದು. ಆದರೂ ನಿಮ್ಮ ಅಂಗಳ ವರ್ಷಗಟ್ಟಲೆ ಅವನ ಫೋನಿನಲ್ಲಿರುತ್ತದೆ, ಅವನು ನಂಬರ್ ಬದಲಿಸಿದರೆ ನಿಮಗೆ ಯಂತ್ರವೇ ಕೈತಪ್ಪುತ್ತದೆ. ಆ ದಿನ ನೀವೇ ಊರಿನಲ್ಲಿರಿ. ಡಿವಿಆರ್ ಮೇಲಿನ ಕ್ಯೂಆರ್ ಕೋಡನ್ನು ಮೊದಲು ನಿಮ್ಮ ಫೋನಿನಿಂದ ಸ್ಕ್ಯಾನ್ ಮಾಡಿ ನಿಮ್ಮ ಖಾತೆಗೆ ಸೇರಿಸಿ, ಪಾಸ್‌ವರ್ಡ್ ಮರಳಿ ಪಡೆಯಲು ನಿಮ್ಮದೇ ಇಮೇಲ್ ಕೊಡಿ, ಅಡ್ಮಿನ್ ಪಾಸ್‌ವರ್ಡನ್ನು ನೀವೇ ಟೈಪ್ ಮಾಡಿ.

ಪಕ್ಕದ ಮನೆಯವರು ಕೇಳಿದ್ದು ನ್ಯಾಯವಾಗಿದೆ. ಡಿವಿಆರ್‌ನಲ್ಲಿ "ಪ್ರೈವಸಿ ಮಾಸ್ಕ್" ಎಂಬ ಸೌಲಭ್ಯವಿದೆ. ಅವರ ಅಂಗಳ ಬೀಳುವ ಭಾಗದ ಮೇಲೆ ಕಪ್ಪು ಪಟ್ಟಿ ಎಳೆದರೆ ಅದು ರೆಕಾರ್ಡ್ ಆಗುವುದೇ ಇಲ್ಲ. ಅವರನ್ನು ಕರೆದು ತೆರೆಯ ಮೇಲೆ ತೋರಿಸಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲೇ. ಮನೆಯೊಳಗೂ ಅದು ಅನ್ವಯಿಸುತ್ತದೆ: ಜೊತೆಗೆ ವಾಸಿಸುವವರ ಒಪ್ಪಿಗೆಯಿಲ್ಲದೆ ವಾಸದ ಜಾಗದಲ್ಲಿ ಕ್ಯಾಮೆರಾ ನಡೆಸುವಂತಿಲ್ಲ ಎಂದು 2025ರಲ್ಲಿ ಕಲ್ಕತ್ತಾ ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟ್ ಅದನ್ನು ಬದಲಿಸಲಿಲ್ಲ. ಹಜಾರದಲ್ಲೊಂದು ಕ್ಯಾಮೆರಾ ಇಟ್ಟು ಅಪ್ಪ-ಅಮ್ಮನನ್ನು ನೋಡಿಕೊಳ್ಳುವ ಆಲೋಚನೆ ನಿಮಗಿದ್ದರೆ, ಮೊದಲು ಅವರನ್ನೇ ಕೇಳಿ. ಬೇಡ ಎಂದರೆ ಬಿಟ್ಟುಬಿಡಿ.

ಕಳ್ಳತನ ಆಗಿಯೇಬಿಟ್ಟರೆ

ಡಿವಿಆರ್ ಟಿವಿಯ ಕೆಳಗೆ ಕಾಣುವಂತಿದ್ದರೆ ಕಳ್ಳ ಅದನ್ನೇ ಮೊದಲು ಎತ್ತುತ್ತಾನೆ. ಒಳಗಿನ ಕೋಣೆಯ ಬೀರುವಿನ ಮೇಲೋ ಗಾಳಿಯಾಡುವ ಕಪಾಟಿನಲ್ಲೋ ಇಡಿ. ಪೂರ್ತಿ ಮುಚ್ಚಿದರೆ ಬಿಸಿಗೆ ಡಿಸ್ಕ್ ಕೆಡುತ್ತದೆ. ಡಿವಿಆರ್‌ನ ಗಡಿಯಾರ ನೆಟ್ ಮೂಲಕ ತಾನೇ ಸರಿಯಾಗುವಂತೆ ಎನ್‌ಟಿಪಿ ಆನ್ ಮಾಡಿ. ನಲವತ್ತು ನಿಮಿಷ ಹಿಂದಿರುವ ಗಡಿಯಾರ ಒಳ್ಳೆಯ ದೃಶ್ಯವನ್ನೂ ಅನುಮಾನಕ್ಕೆ ಈಡುಮಾಡುತ್ತದೆ. ಘಟನೆ ನಡೆದ ದಿನವೇ ಆ ಭಾಗವನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ, ಇಪ್ಪತ್ತು ದಿನಕ್ಕೆ ಅದರ ಮೇಲೆ ಹೊಸದು ಬರೆದುಬಿಡುತ್ತದೆ. ತೆರೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ್ದು ವಾಟ್ಸಾಪಿಗೆ ಸರಿ, ನ್ಯಾಯಾಲಯಕ್ಕೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಪ್ರತಿಯ ಜೊತೆ ಪ್ರಮಾಣಪತ್ರ ಬೇಕು. ಅದು ಯಾವ ಯಂತ್ರ, ಅದರ ಸೀರಿಯಲ್ ನಂಬರ್ ಏನು ಎಂಬುದನ್ನೂ ಕೇಳುತ್ತದೆ. ಹಾಗಾಗಿ ಬಿಲ್ ಜೋಪಾನ, ಪೊಲೀಸರು ಬರುವವರೆಗೆ ಡಿವಿಆರ್ ಫಾರ್ಮ್ಯಾಟ್ ಮಾಡಲು ಯಾರಿಗೂ ಬಿಡಬೇಡಿ.

ಇನ್‌ಸ್ಟಾಲರಿಗೆ ಹಗಲಲ್ಲೇ ಪೂರ್ತಿ ಹಣ ಕೊಡಬೇಡಿ. ಹಗಲಿನ ಚಿತ್ರ ಎಲ್ಲ ಕ್ಯಾಮೆರಾದಲ್ಲೂ ಚೆನ್ನಾಗಿರುತ್ತದೆ. ಎರಡು ಸಾವಿರ ಹಿಡಿದುಕೊಂಡು, ರಾತ್ರಿ ಒಂಬತ್ತರ ಮೇಲೆ ಮನೆಯವರಲ್ಲದ ಒಬ್ಬರನ್ನು ಗೇಟಿನಿಂದ ಸಹಜ ನಡಿಗೆಯಲ್ಲಿ ಒಳಗೆ ಬರಲು ಹೇಳಿ, ಆಮೇಲೆ ಏಣಿ ಹತ್ತಲು ಹೇಳಿ. ಅವರನ್ನು ಕಂಡಿಲ್ಲದ ಮತ್ತೊಬ್ಬರಿಗೆ ರೆಕಾರ್ಡಿಂಗ್ ತೋರಿಸಿ, ನಾಲ್ಕು ಜನರ ನಡುವೆ ಬಂದವರು ಯಾರೆಂದು ಕೇಳಿ. ಅವರು ಬೆರಳು ಮಾಡಿ ತೋರಿಸಿದರೆ ಉಳಿದ ಎರಡು ಸಾವಿರ ಕೊಟ್ಟುಬಿಡಿ. ತೋರಿಸಲಾಗದಿದ್ದರೆ ಕ್ಯಾಮೆರಾ ಒಂದಡಿ ಇಳಿಯಬೇಕೋ, ಬಲ್ಬು ಆಚೆ ಸರಿಯಬೇಕೋ, ಶಟರ್ ವೇಗ ಏರಬೇಕೋ ಎಂದು ಇನ್‌ಸ್ಟಾಲರ್ ಜೊತೆಯಲ್ಲೇ ನಿಂತು ಸರಿಮಾಡಿಸಿ.